ಸಾವಿರ ಪ್ರತಿಯೋ, ಮುನ್ನೂರೋ, ಇ-ಪುಸ್ತಕವೋ: ಕನ್ನಡ ಪುಸ್ತಕ ತರುವವರಿಗೆ ಒಂದು ಹೋಲಿಕೆ

ಹಸ್ತಪ್ರತಿ ಮುಗಿಯುತ್ತಿದ್ದ ಹಾಗೆ ಎಲ್ಲರೂ ಕೇಳುವುದು "ಒಂದು ಪುಸ್ತಕಕ್ಕೆ ಎಷ್ಟು ಬೀಳುತ್ತದೆ?" ಎಂದು. ಪ್ರೆಸ್ಸಿನವರು "ಎಷ್ಟು ಪ್ರತಿ?" ಎಂದು ತಿರುಗಿ ಕೇಳುತ್ತಾರೆ. ಅದಕ್ಕೆ ಉತ್ತರ ಹೇಳಬೇಕಾದರೆ ಓದುವವರು ಯಾರು, ಎಲ್ಲಿದ್ದಾರೆ, ಓದಿದ ಮೇಲೆ ಪುಸ್ತಕವನ್ನು ಏನು ಮಾಡುತ್ತಾರೆ ಎಂಬುದು ಗೊತ್ತಿರಬೇಕು. ಒಂದೇ ಉಸಿರಿಗೆ ಓದಿ ಮುಗಿಸುವ ಪತ್ತೇದಾರಿ ಕಾದಂಬರಿ, ಹತ್ತು ವರ್ಷ ಕಪಾಟಿನಲ್ಲಿದ್ದು ಬೇಕೆಂದಾಗ ತೆಗೆದು ನೋಡುವ ಊರ ಚರಿತ್ರೆ, ಗೃಹಪ್ರವೇಶಕ್ಕೆ ಬಂದವರ ಕೈಗಿಡುವ ವಚನ ಸಂಕಲನ, ಈ ಮೂರಕ್ಕೂ ಒಂದೇ ದಾರಿ ಸರಿಹೋಗುವುದಿಲ್ಲ.

ಇಂದು ನಮ್ಮ ಮುಂದಿರುವ ದಾರಿಗಳು ನಾಲ್ಕು: ಆಫ್‌ಸೆಟ್‌ನಲ್ಲಿ, ಅಂದರೆ ಪ್ಲೇಟು ಮಾಡಿ, ಒಟ್ಟಿಗೆ ಅಚ್ಚು ಹಾಕಿಸುವುದು, ಡಿಜಿಟಲ್ ಯಂತ್ರದಲ್ಲಿ ಬೇಕಾದಷ್ಟೇ ಪ್ರತಿ ತೆಗೆಸುವುದು (ಆರ್ಡರ್ ಬಂದಂತೆ ಒಂದೊಂದೇ ತೆಗೆಯುವ ಪಿಓಡಿಯೂ ಇದರೊಳಗೇ ಬಂತು), ಇ-ಪುಸ್ತಕ, ಆಡಿಯೊ ಪುಸ್ತಕ. ಹೋಲಿಸಲು ಅನುಕೂಲವಾಗಲಿ ಎಂದು ಒಂದೇ ಪುಸ್ತಕವನ್ನು ಉದ್ದಕ್ಕೂ ಹಿಡಿಯೋಣ: ಡೆಮಿ 1/8 ಅಳತೆ, 160 ಪುಟ, ಸುಮಾರು 36,000 ಪದ, ಒಳಗೆ ಕಪ್ಪು-ಬಿಳುಪು, ಮುಖಬೆಲೆ 200 ರೂಪಾಯಿ.

ಆಫ್‌ಸೆಟ್ ಮತ್ತು ಡಿಜಿಟಲ್: ಲೆಕ್ಕ ತಿರುಗುವ ಜಾಗ

ಡೆಮಿ ಹಾಳೆ 18×23 ಇಂಚು. ಅದನ್ನು ಮೂರು ಸಲ ಮಡಚಿದರೆ 8 ಎಲೆ, 16 ಪುಟ. ಇದೇ ಒಂದು ಫಾರಂ. ಅಂಚು ಕತ್ತರಿಸಿದ ಮೇಲೆ ಕೈಗೆ ಬರುವ ಪುಸ್ತಕ 5.5×8.5 ಇಂಚು. ನಮ್ಮ 160 ಪುಟಕ್ಕೆ ಸರಿಯಾಗಿ 10 ಫಾರಂ. ಪುಟ 163 ಆದರೆ ಹನ್ನೊಂದನೆಯ ಫಾರಂಗೆ ಕೈ ಹಾಕಬೇಕು, ಮೂರು ಪುಟಕ್ಕಾಗಿ ಹದಿನಾರು ಪುಟದ ಕಾಗದ ಹೋಗುತ್ತದೆ. ಹಾಗಾಗಿ ಕರಡು ತಿದ್ದುವಾಗಲೇ ಪುಟ ಕಟ್ಟುವ ಡಿಟಿಪಿಯವರಿಗೆ ಗುರಿ ಹೇಳಿಬಿಡಿ. ಲೇಖಕರ ಪರಿಚಯವನ್ನು ಬೆನ್ನುಡಿಗೆ ಸೇರಿಸಿದರೆ, ಖಾಲಿ ಬಿಟ್ಟ ಎಡಪುಟಗಳನ್ನು ತೆಗೆದರೆ ಎರಡು ಮೂರು ಪುಟ ಸುಲಭವಾಗಿ ಉಳಿಯುತ್ತವೆ. 1,000 ಪ್ರತಿಗೆ 10,000 ಹಾಳೆ, ಅಂದರೆ 20 ರೀಮ್. ಯಂತ್ರ ಹೊಂದಿಸುವಾಗ ಹಾಳಾಗುವುದಕ್ಕೆಂದು ಇನ್ನೊಂದು ರೀಮ್ ಹಿಡಿಯಿರಿ.

ಆಫ್‌ಸೆಟ್‌ನಲ್ಲಿ ಪ್ಲೇಟು ಮಾಡುವ, ಯಂತ್ರ ಹೊಂದಿಸುವ ಖರ್ಚು ಒಂದು ಪ್ರತಿಗೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಡಿಜಿಟಲ್‌ನಲ್ಲಿ ಆ ಖರ್ಚಿಲ್ಲ, ಆದರೆ ಪ್ರತಿ ಪುಟಕ್ಕೂ ದರ ಹೆಚ್ಚು. ದರಗಳು ಊರಿಗೊಂದು, ಕಾಗದದ ಬೆಲೆ ತಿಂಗಳಿಗೊಂದು, ಆದ್ದರಿಂದ ಇಲ್ಲಿ ಬಳಸಿದ ಅಂಕಿ ಬರೀ ಉದಾಹರಣೆಗೆ. ಆಫ್‌ಸೆಟ್‌ನ ಸ್ಥಿರ ಖರ್ಚು 25,000, ಅದರ ಮೇಲೆ ಪ್ರತಿಗೆ 45 ರೂಪಾಯಿ. ಡಿಜಿಟಲ್‌ನಲ್ಲಿ ಪ್ರತಿಗೆ 110 ಎಂದಿಟ್ಟುಕೊಳ್ಳಿ. 300 ಪ್ರತಿಗೆ ಆಫ್‌ಸೆಟ್ 38,500, ಡಿಜಿಟಲ್ 33,000. 500 ಪ್ರತಿಗೆ ಆಫ್‌ಸೆಟ್ 47,500, ಡಿಜಿಟಲ್ 55,000. ಸುಮಾರು 385 ಪ್ರತಿಯ ಹತ್ತಿರ ತಕ್ಕಡಿ ಸಮವಾಗುತ್ತದೆ. ನಿಮ್ಮ ಕೊಟೇಶನ್‌ನ ಅಂಕಿ ಹಾಕಿ ಇದೇ ಲೆಕ್ಕ ಮಾಡಿ: ಸ್ಥಿರ ಖರ್ಚನ್ನು ಎರಡು ಪ್ರತಿ-ದರಗಳ ವ್ಯತ್ಯಾಸದಿಂದ ಭಾಗಿಸಿದರೆ ಸಾಕು.

1,000 ಪ್ರತಿಗೆ ಒಂದೊಂದಕ್ಕೆ 70 ರೂಪಾಯಿ ಬೀಳುತ್ತದೆ, 300ಕ್ಕೆ 110. ಎಷ್ಟೋ ಜನ ಸೋಲುವುದು ಈ ಎಪ್ಪತ್ತಕ್ಕೆ. ಅಂಗಡಿಗೆ 40% ಕಮಿಷನ್ ಕೊಟ್ಟರೆ 200ರ ಪುಸ್ತಕದಿಂದ ಕೈಗೆ ಬರುವುದು 120. ಸಾವಿರ ಪ್ರತಿಗೆ ಹಾಕಿದ 70,000 ವಾಪಸ್ ಬರಬೇಕಾದರೆ 584 ಪ್ರತಿ ಅಂಗಡಿಗಳ ಮೂಲಕವೇ ಮಾರಾಟವಾಗಬೇಕು. ಮೊದಲ ಕವನ ಸಂಕಲನಕ್ಕೆ ಅದು ಬಹಳ ದೊಡ್ಡ ಸಂಖ್ಯೆ. ಅದೇ 300 ಪ್ರತಿಯಲ್ಲಿ 30 ವಿಮರ್ಶೆಗೆ, ಗೌರವಪ್ರತಿಗೆ ಹೋಗಲಿ. ಬಿಡುಗಡೆಯ ದಿನ ಮತ್ತು ಮುಂಗಡ ಬುಕಿಂಗ್‌ನಲ್ಲಿ 100 ಪ್ರತಿ 180 ರೂಪಾಯಿಗೆ, ಉಳಿದ 170 ಅಂಗಡಿಯಲ್ಲಿ ಹೋದರೆ ಒಟ್ಟು 38,400. ಹಾಕಿದ್ದು 33,000. ಲಾಭ ಸಣ್ಣದು, ಆದರೆ ಅಟ್ಟದ ಮೇಲೆ ಪುಸ್ತಕದ ಕಟ್ಟು ಉಳಿಯುವುದಿಲ್ಲ.

ಗ್ರಂಥಾಲಯಗಳಿಗೆಂದು ಸರ್ಕಾರ ಮಾಡುವ ಸಗಟು ಖರೀದಿಯನ್ನು ನೆಚ್ಚಿ ಪ್ರತಿಗಳ ಸಂಖ್ಯೆ ಏರಿಸಬೇಡಿ. ಅಲ್ಲಿ ದರ ಪುಟಕ್ಕಿಷ್ಟು ಎಂದು ನಿಗದಿಯಾಗಿರುತ್ತದೆ; ಆಯ್ಕೆ ಯಾವಾಗ, ಹಣ ಯಾವಾಗ ಎಂಬುದು ನಿಮ್ಮ ಹಿಡಿತದಲ್ಲಿಲ್ಲ. ಬಂದರೆ ಆಗ ಮರುಮುದ್ರಣ ಮಾಡಿಸಬಹುದು. ಮೊದಲ ಪುಸ್ತಕ ತರುತ್ತಿರುವ ಯುವ ಬರಹಗಾರರು ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನಕ್ಕೆ ಅರ್ಜಿ ಹಾಕಲು ಮರೆಯಬಾರದು. ಅಚ್ಚಿಗೆ ಕೊಡುವ ಮೊದಲೇ ನಿಯಮ ಓದಿಕೊಳ್ಳಿ, ಅಚ್ಚಾದ ಮೇಲೆ ಅರ್ಹತೆ ತಪ್ಪಿಹೋದೀತು.

ಮುಂಗಡ ಬುಕಿಂಗ್ ನಮಗೆ ಹೊಸದೇನಲ್ಲ. 1933ರಲ್ಲಿ ಶುರುವಾದ ಧಾರವಾಡದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ಕಟ್ಟಿಕೊಂಡೇ ಕಾದಂಬರಿಗಳನ್ನು ತಂದಿತು. ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯ ನಡೆಸಿದರು. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದ್ದು ಕನ್ನಡದ ನೆನಪಿನಲ್ಲಿ ಇಂದಿಗೂ ಇದೆ. ಓದುಗರನ್ನು ಮೊದಲು ಹುಡುಕಿ ಆಮೇಲೆ ಅಚ್ಚು ಹಾಕುವ ಆ ಬುದ್ಧಿಗೆ ಈಗ ವಾಟ್ಸ್ಯಾಪ್ ಮತ್ತು ಯುಪಿಐ ಕೂಡಿಬಂದಿವೆ. ಮುಂಗಡವಾಗಿ 80 ಜನ ಹಣ ಹಾಕಿದರೆ ಎಷ್ಟು ಪ್ರತಿ ಎಂಬ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕ ಹಾಗೆ.

ಅಚ್ಚಿನಲ್ಲಿ ಕೆಡುವುದು ಎಲ್ಲಿ?

ಮೊದಲನೆಯದು ಸಾಲಂತರ. ಇಂಗ್ಲಿಷ್‌ಗೆಂದು ಹೊಂದಿಸಿದ ಅಳತೆಯಲ್ಲಿ ಕನ್ನಡ ಕೂರುವುದಿಲ್ಲ. "ರಾಷ್ಟ್ರ", "ಸ್ತ್ರೀ" ಎಂಬಲ್ಲಿ ಒತ್ತುಗಳು ಕೆಳಗಿಳಿಯುತ್ತವೆ. ಅದರ ಕೆಳಸಾಲಿನಲ್ಲಿ "ಕೀರ್ತಿ"ಯ ಗುಡಿಸು ಮೇಲೆದ್ದಿರುತ್ತದೆ. ಎರಡೂ ತಾಗಿ ಓದುವ ಕಣ್ಣು ತಡವರಿಸುತ್ತದೆ. 11 ಪಾಯಿಂಟ್ ಅಕ್ಷರಕ್ಕೆ 16 ಪಾಯಿಂಟ್ ಸಾಲಂತರ ಕೊಡಿಸಿ. ಪುಟ ಉಳಿಸಲೆಂದು ಇದನ್ನು 13ಕ್ಕೆ ಇಳಿಸಿದ ಪುಸ್ತಕವನ್ನು ವಯಸ್ಸಾದವರು ಹತ್ತು ಪುಟಕ್ಕೇ ಕೆಳಗಿಡುತ್ತಾರೆ, ನಮ್ಮ ಓದುಗರಲ್ಲಿ ಅವರೂ ಇದ್ದಾರೆ.

ಎರಡನೆಯದು ಕಾಗದದ ಎಳೆ, ಅಂದರೆ ಅದರ ನಾರುಗಳು ಓಡುವ ದಿಕ್ಕು. ಎಳೆ ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿ ಓಡಬೇಕು. ಅಡ್ಡ ಓಡಿದರೆ ಮಳೆಗಾಲದಲ್ಲಿ ಪುಟಗಳು ಅಲೆ ಏಳುತ್ತವೆ, ಪುಸ್ತಕ ತೆರೆದಿಟ್ಟರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಪರೀಕ್ಷೆ ಸುಲಭ: ಮಾದರಿ ಪುಟವನ್ನು ಉದ್ದಕ್ಕೊಮ್ಮೆ ಅಗಲಕ್ಕೊಮ್ಮೆ ಹರಿದು ನೋಡಿ, ಎಳೆಯ ದಿಕ್ಕಿನಲ್ಲಿ ನೇರವಾಗಿ ಹರಿಯುತ್ತದೆ, ಅಡ್ಡಕ್ಕೆ ಸೊಟ್ಟಸೊಟ್ಟ. ಕಾಗದ 70 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕ) ಮ್ಯಾಪ್ಲಿಥೊ, ಅಂದರೆ ಪುಸ್ತಕಕ್ಕೆ ಬಳಸುವ ಹೊಳಪಿಲ್ಲದ ಬಿಳಿ ಕಾಗದ, ಇರಲಿ. 60ಕ್ಕೆ ಇಳಿದರೆ ಹಿಂಬದಿಯ ಅಕ್ಷರ ತೂರಿ ಕಾಣುತ್ತದೆ. ಮುಖಪುಟಕ್ಕೆ 300 ಜಿಎಸ್‌ಎಂ ಆರ್ಟ್ ಕಾರ್ಡ್ ಸಾಕು. ಲ್ಯಾಮಿನೇಶನ್ ಹೊರಬದಿಗೆ ಮಾತ್ರ ಇರುವುದರಿಂದ ಒಳಬದಿ ತೇವ ಹೀರಿ ಹಿಗ್ಗುತ್ತದೆ, ಮುಖಪುಟ ಹೊರಕ್ಕೆ ಸುರುಳಿಯಾಗುತ್ತದೆ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಮಾರುವ ಪುಸ್ತಕವನ್ನು ಬೈಂಡಿಂಗ್ ಆದ ಮೇಲೆ ಒಂದು ದಿನ ಭಾರದಡಿ ಒತ್ತಿಡಲು ಹೇಳಿ.

ಬೈಂಡಿಂಗ್‌ನಲ್ಲಿ ಎರಡು ಬಗೆ. ಬೆನ್ನು ಉಜ್ಜಿ ಬಿಸಿ ಅಂಟು ಹಾಕುವ ಪರ್ಫೆಕ್ಟ್ ಬೈಂಡಿಂಗ್ ಅಗ್ಗ. ಫಾರಂಗಳನ್ನು ದಾರದಿಂದ ಹೊಲಿದು ಆಮೇಲೆ ಅಂಟಿಸುವುದು ದುಬಾರಿ, ಆದರೆ ದಶಕಗಳ ಬಾಳಿಕೆ. ನಿಘಂಟು, ಪಾರಾಯಣ ಗ್ರಂಥ, ಗ್ರಂಥಾಲಯಕ್ಕೆ ಹೋಗುವ ಚರಿತ್ರೆ ಇಂಥವಕ್ಕೆ ಹೊಲಿಗೆಯನ್ನೇ ಒತ್ತಾಯಿಸಿ. ಡಿಜಿಟಲ್ ಯಂತ್ರದ ಬಿಡಿ ಹಾಳೆಗಳಿಗೆ ಫಾರಂ ಹೊಲಿಗೆ ಸಾಮಾನ್ಯವಾಗಿ ಆಗುವುದಿಲ್ಲ. ಅಂಟಿನ ಪುಸ್ತಕ ಪೂರ್ತಿ ಬಿಚ್ಚಿಕೊಳ್ಳದ ಕಾರಣ ಒಳ ಅಂಚು 20 ಮಿಮೀಗಿಂತ ಕಡಿಮೆ ಇರಬಾರದು.

ಪಿಓಡಿಯ ದೊಡ್ಡ ಉಪಕಾರ ಎಂದರೆ ಪುಸ್ತಕ "ಮುಗಿದುಹೋಗಿದೆ" ಎನ್ನುವ ಮಾತೇ ಇರುವುದಿಲ್ಲ. ಮೂರು ವರ್ಷಕ್ಕೊಮ್ಮೆ ಇಬ್ಬರು ಸಂಶೋಧಕರು ಹುಡುಕಿಕೊಂಡು ಬರುವಂಥ ಪುಸ್ತಕಕ್ಕೆ ಅದು ವರ. ಆದರೆ ಪ್ರತಿಯ ಖರ್ಚು ಹೆಚ್ಚು, ಮಳಿಗೆಯ ಪಾಲು ಬೇರೆ. 200ರ ಪುಸ್ತಕವನ್ನು 300ರ ಹತ್ತಿರ ಇಡಬೇಕಾದೀತು. ಪುಸ್ತಕವನ್ನು ನೀವು ನೋಡುವ ಮೊದಲೇ ಅದು ಓದುಗರ ಮನೆಗೆ ಹೋಗಿರುತ್ತದೆ, ಹಾಗಾಗಿ ಒಂದು ಪ್ರತಿ ನೀವೇ ತರಿಸಿ ಪರೀಕ್ಷಿಸದೆ ಪ್ರಚಾರ ಶುರು ಮಾಡಬೇಡಿ. ಮುಖಪುಟದ ಫೈಲಿನಲ್ಲಿ ಬೆನ್ನಿನ ದಪ್ಪವನ್ನು ಅವರಿಂದಲೇ ಕೇಳಿ ಹಾಕಿ. 160 ಪುಟಕ್ಕೆ 7ರಿಂದ 8 ಮಿಮೀ ಬರುತ್ತದೆ, ಒಂದು ಮಿಮೀ ತಪ್ಪಿದರೂ ಬೆನ್ನಿನ ಹೆಸರು ಮುಖಪುಟಕ್ಕೆ ಜಾರುತ್ತದೆ.

ಇನ್ನು ಅಂಚೆ. ನಮ್ಮ ಪುಸ್ತಕದ ತೂಕ ಸುಮಾರು 190 ಗ್ರಾಂ. 2025ರ ಮೇ 1ರಿಂದ ಅಂಚೆ ಇಲಾಖೆ ಪುಸ್ತಕಗಳಿಗೆಂದು ಜ್ಞಾನ ಪೋಸ್ಟ್ ಸೇವೆ ಶುರು ಮಾಡಿದಾಗ 300 ಗ್ರಾಂವರೆಗೆ 20 ರೂಪಾಯಿ, ತೆರಿಗೆ ಬೇರೆ ಎಂದು ದರ ಇಟ್ಟಿತು. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರು ಅಚ್ಚಾಗಿರಬೇಕು. ಗಟ್ಟಿ ರಟ್ಟು, ದಪ್ಪ ಕಾಗದ ಎಂದು ತೂಕ 300 ದಾಟಿಸಿದರೆ ಪ್ರತಿ ರವಾನೆಗೂ ಹೆಚ್ಚು ತೆರಬೇಕು.

ಇ-ಪುಸ್ತಕ: ಅಕ್ಷರ ಸರಿಯಿದ್ದರೆ ಅರ್ಧ ಕೆಲಸ ಮುಗಿದಂತೆ

ಹೊರದೇಶದ ಕನ್ನಡಿಗರಿಗೆ ಪುಸ್ತಕದ ಬೆಲೆಗಿಂತ ಸಾಗಣೆ ವೆಚ್ಚ ಎಷ್ಟೋ ಪಾಲು ಹೆಚ್ಚು. ಅವರಿಗೆ ಇ-ಪುಸ್ತಕವೇ ದಾರಿ. ಅಕ್ಷರ ದೊಡ್ಡದು ಮಾಡಿಕೊಂಡು ಓದಬೇಕಾದವರಿಗೆ, ಸ್ಕ್ರೀನ್ ರೀಡರ್ ಬಳಸುವ ದೃಷ್ಟಿದೋಷವಿರುವ ಓದುಗರಿಗೆ ಅದು ಅಚ್ಚಿನ ಪುಸ್ತಕ ಎಂದೂ ಕೊಡಲಾಗದ್ದನ್ನು ಕೊಡುತ್ತದೆ. ಇದು ವ್ಯಾಪಾರದ ಲೆಕ್ಕಕ್ಕೆ ಬಾರದ ದೊಡ್ಡ ಬೆಲೆ. ಆದರೆ ಇದೆಲ್ಲ ನಡೆಯುವುದು ಯೂನಿಕೋಡ್ (ಎಲ್ಲ ಯಂತ್ರಗಳೂ ಒಂದೇ ಬಗೆಯಲ್ಲಿ ಓದುವ ಅಕ್ಷರ ಸಂಕೇತ) ಪಠ್ಯದ ಇಪಬ್ (ಪರದೆಗೆ ತಕ್ಕಂತೆ ಸಾಲು ಹೊಂದಿಕೊಳ್ಳುವ ಇ-ಪುಸ್ತಕದ ಫೈಲು) ಇದ್ದಾಗ ಮಾತ್ರ. ಪುಟಗಳನ್ನು ಸ್ಕ್ಯಾನ್ ಮಾಡಿದ ಪಿಡಿಎಫ್ ಚಿತ್ರವಷ್ಟೇ. ಮೊಬೈಲಿನಲ್ಲಿ ಅಕ್ಷರ ಹಿಗ್ಗುವುದಿಲ್ಲ, ಹುಡುಕಿದರೆ ಸಿಗುವುದಿಲ್ಲ, ಓದಿ ಹೇಳುವ ತಂತ್ರಾಂಶಕ್ಕೆ ಅದು ಮೂಕ.

ನಮ್ಮಲ್ಲಿ ತೊಡಕು ಬರುವುದು ಹಳೆಯ ಡಿಟಿಪಿ ಫೈಲುಗಳಿಂದ. ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ, ಪುಟ ಕಟ್ಟುವ ಪೇಜ್‌ಮೇಕರ್‌ನಲ್ಲಿ ಕೂರಿಸಿದ ಪುಸ್ತಕಗಳು ಸಾವಿರಾರಿವೆ. ಅಲ್ಲಿ ಅಕ್ಷರವನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ ಜೋಡಿಸಿರುತ್ತಾರೆ: "ಧರ್ಮ" ಎಂದರೆ ಧ, ಮ, ಆಮೇಲೆ ಅರ್ಕಾವತ್ತು. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ: ಧ, ರ್, ಮ. ಪರಿವರ್ತಕ ಎಡವಿದರೆ ಧರ್ಮ "ಧಮರ್" ಆಗುತ್ತದೆ, ಸೂರ್ಯ "ಸೂಯರ್" ಆಗುತ್ತಾನೆ. ಪದದ ಕೊನೆಯ ತಪ್ಪು ಹಿಡಿಯುವುದು ಸುಲಭ: "ರ್" ಆದ ಮೇಲೆ ಖಾಲಿ ಜಾಗ ಇರುವಲ್ಲೆಲ್ಲ ಹುಡುಕಿ, ಡಾಕ್ಟರ್, ಸರ್ ಮುಂತಾದ ನಿಜವಾದ ಪದಗಳನ್ನು ಬಿಟ್ಟು ಉಳಿದವನ್ನು ತಿದ್ದಿ. ಕಣ್ಣು ತಪ್ಪಿಸುವುದು ನಡುವಿನ ತಪ್ಪು. "ಧರ್ಮದ" ಎಂಬುದು "ಧಮರ್ದ" ಆಗಿ, ಅರ್ಕಾವತ್ತು ಒಂದು ಅಕ್ಷರ ಮುಂದಕ್ಕೆ ಜಾರಿ ಕೂತಿರುತ್ತದೆ. ಅವಸರದಲ್ಲಿ ಓದಿದರೆ ಸರಿಯಾಗಿಯೇ ಕಾಣುತ್ತದೆ.

ಇನ್ನೊಂದು ಸೊನ್ನೆಯ ಗೊಂದಲ. ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಕೂತರೆ "ಸ೦ತೆ" ಎಂದಾಗುತ್ತದೆ. ನೋಡಲು "ಸಂತೆ"ಯೇ, ಆದರೆ ಸಂತೆ ಎಂದು ಹುಡುಕಿದವರಿಗೆ ಆ ಸಾಲು ಸಿಗುವುದೇ ಇಲ್ಲ. ಇಡೀ ಫೈಲಿನಲ್ಲಿ ೦ ಹುಡುಕಿ, ಅಕ್ಷರದ ಪಕ್ಕ ಇರುವುದನ್ನೆಲ್ಲ ಅನುಸ್ವಾರಕ್ಕೆ ಬದಲಿಸಿ. ಹಾಗೆಯೇ "ಟ್ರ್ಯಾಕ್ಟರ್‌ನಲ್ಲಿ" ಎಂಬುದು "ಟ್ರ್ಯಾಕ್ಟರ್ನಲ್ಲಿ" ಆಗಿದ್ದರೆ ನಡುವಿನ ಕಾಣದ ಬೇರ್ಪಡಿಕೆ ಗುರುತು ಪರಿವರ್ತನೆಯಲ್ಲಿ ಬಿದ್ದುಹೋಗಿದೆ ಎಂದರ್ಥ. 160 ಪುಟದ ಪುಸ್ತಕವನ್ನು ಪರಿವರ್ತಿಸಿದ ಮೇಲೆ ಒಂದು ಪೂರ್ತಿ ಕರಡು ಓದು ಬೇಕೇ ಬೇಕು, ಅದರ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಹೊಸ ಪುಸ್ತಕವಾದರೆ ಮೊದಲ ದಿನದಿಂದ ಯೂನಿಕೋಡ್‌ನಲ್ಲೇ ಬರೆಯಿರಿ. ಪುಟ ಕಟ್ಟುವ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆಯ್ಕೆ ಮಾಡಿದರೆ ಒತ್ತುಗಳು ಸರಿಯಾಗಿ ಕೂರುತ್ತವೆ. "ಯೂನಿಕೋಡ್‌ನಲ್ಲಿ ಪುಟ ಕಟ್ಟಲು ಆಗುವುದಿಲ್ಲ" ಎಂಬ ಮಾತನ್ನು ಈಗ ಒಪ್ಪಬೇಕಾಗಿಲ್ಲ.

ಎಲ್ಲಿ ಮಾರುವುದು? ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಕನ್ನಡ ಇದೆ. ಮೈಲ್ಯಾಂಗ್‌ನಂಥ ಕನ್ನಡದ್ದೇ ವೇದಿಕೆ ಇದೆ. ಅಮೆಜಾನ್ 2016ರ ಕೊನೆಯಲ್ಲಿ ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಸೇರಿಸಿದಾಗ ಕನ್ನಡವನ್ನು ಬಿಟ್ಟಿತ್ತು, ಆ ನೋವು ಕನ್ನಡ ಓದುಗರಲ್ಲಿ ಈಗಲೂ ಇದೆ. ಯಾವುದೇ ಮಳಿಗೆಗೆ ಫೈಲು ಸಿದ್ಧಪಡಿಸುವ ಮುನ್ನ ಅವರ ಭಾಷಾಪಟ್ಟಿ ನೋಡಿ, ಪಾಲು ಎಷ್ಟು, ಹಣ ಎಷ್ಟು ದಿನಕ್ಕೆ, ಬೆಲೆ ಇಳಿಸುವ ಹಕ್ಕು ಯಾರದು ಎಂದು ಬರವಣಿಗೆಯಲ್ಲಿ ಪಡೆಯಿರಿ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಇ-ಪುಸ್ತಕಕ್ಕೆ ಇದೆ. 2018ರಲ್ಲಿ 5%ಕ್ಕೆ ಇಳಿಸಿದ್ದು ಅಚ್ಚಿನ ರೂಪವೂ ಇರುವ ಇ-ಪುಸ್ತಕಗಳಿಗೆ ಮಾತ್ರ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಉಚಿತ, ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಯಿಂದ ಸಿಗುತ್ತದೆ. ಅಚ್ಚಿಗೊಂದು, ಇಪಬ್‌ಗೊಂದು, ಆಡಿಯೊಗೊಂದು ಬೇರೆಬೇರೆ ತೆಗೆದುಕೊಳ್ಳಬೇಕು.

ಓದುಗರ ಕಡೆಯಿಂದ ನೋಡಿದರೆ ಇ-ಪುಸ್ತಕದ ಕೊರತೆಯೂ ಸ್ಪಷ್ಟ. ಕೊಂಡದ್ದು ಪುಸ್ತಕವಲ್ಲ, ಓದುವ ಪರವಾನಗಿ. ಪಕ್ಕದ ಮನೆಯವರಿಗೆ ಕೊಡಲಾಗದು, ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿ ಸೇರದು, ಹೆಸರು ಬರೆದು ಮಗಳಿಗೆ ಕೊಡಲಾಗದು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಮಳಿಗೆ ಮುಚ್ಚಿದಾಗ ಕೊಂಡವರಿಗೆ ಹಣ ವಾಪಸ್ ಬಂತು, ಪುಸ್ತಕಗಳು ಮಾಯವಾದವು. ಆದ್ದರಿಂದ ನಕಲು ತಡೆಯುವ ಡಿಜಿಟಲ್ ಬೀಗ ಹಾಕದ ಇಪಬ್ ಕೊಡುವುದೇ ನ್ಯಾಯ ಎಂಬುದು ನಮ್ಮ ಅಭಿಪ್ರಾಯ. ಬೀಗ ಹಾಕಿದರೂ ಟೆಲಿಗ್ರಾಂ ಗುಂಪುಗಳಿಗೆ ಹೋಗುವ ಪಿಡಿಎಫ್ ಹೋಗಿಯೇ ಹೋಗುತ್ತದೆ, ಕಷ್ಟವಾಗುವುದು ಹಣ ಕೊಟ್ಟವರಿಗೆ.

ಆಡಿಯೊ

ಇಲ್ಲಿ ಬೇಗ ಹೇಳಿ ಮುಗಿಸಬಹುದು, ಏಕೆಂದರೆ ಎಲ್ಲ ಪುಸ್ತಕಕ್ಕೂ ಇದು ಬೇಕಿಲ್ಲ. ನಿಮಿಷಕ್ಕೆ 110 ಪದದಂತೆ ಓದಿದರೆ 36,000 ಪದ ಸುಮಾರು ಐದೂವರೆ ಗಂಟೆ. ಒಂದು ಗಂಟೆಯ ಸಿದ್ಧ ಆಡಿಯೊಗೆ ಧ್ವನಿಮುದ್ರಣ, ತಪ್ಪು ತೆಗೆಯುವುದು, ಮತ್ತೆ ಕೇಳಿ ನೋಡುವುದು ಸೇರಿ ಐದಾರು ಗಂಟೆ ದುಡಿಮೆ ಹಿಡಿಯಿರಿ. ಹಿನ್ನೆಲೆ ಸದ್ದು ಮೈನಸ್ 60 ಡೆಸಿಬೆಲ್‌ಗಿಂತ ಕೆಳಗಿರಬೇಕು. ಫ್ಯಾನ್ ಆರಿಸಿ, ಬಟ್ಟೆ ತುಂಬಿದ ಬೀರುವಿರುವ ಸಣ್ಣ ಕೋಣೆಯಲ್ಲಿ ಕೂತರೂ ಈ ಮಟ್ಟಕ್ಕೆ ಹತ್ತಿರ ಬರಬಹುದು.

ಹೆಚ್ಚು ಯೋಚಿಸಬೇಕಾದ್ದು ದನಿಯ ಬಗ್ಗೆ. ಧಾರವಾಡದ ಮಾತಿರುವ ಕತೆಯನ್ನು ಮೈಸೂರು ಕಡೆಯವರು ಓದಿದರೆ "ಏನ್ ಮಾಡಾಕತ್ತೀರಿ" ಎಂಬಲ್ಲಿ ಜೀವ ಇರುವುದಿಲ್ಲ. ಸಂಭಾಷಣೆ ಹೆಚ್ಚಿರುವ ಅಧ್ಯಾಯದಿಂದ ಐದು ನಿಮಿಷ ಮಾದರಿ ಓದಿಸಿ ಕೇಳಿದ ಮೇಲೆಯೇ ಒಪ್ಪಿ. ಊರಿನ, ಮನೆತನದ ಹೆಸರುಗಳ ಉಚ್ಚಾರದ ಪಟ್ಟಿ ಮೊದಲೇ ಕೊಡಿ. ಹೊರನಾಡಿನಲ್ಲಿ ಹುಟ್ಟಿ ಬೆಳೆದು, ಮನೆಯ ಕನ್ನಡ ಅರ್ಥವಾಗುವ ಆದರೆ ಲಿಪಿ ಬಾರದ ಮಕ್ಕಳಿಗೆ ಕನ್ನಡ ಸಾಹಿತ್ಯದ ಬಾಗಿಲು ಇದೊಂದೇ. ಕತೆ, ಕಾದಂಬರಿ, ಆತ್ಮಕತೆಗೆ ಆಡಿಯೊ ಒಗ್ಗುತ್ತದೆ. ಅಡಿಟಿಪ್ಪಣಿ, ಕೋಷ್ಟಕ, ವಂಶವೃಕ್ಷ ತುಂಬಿದ ಪುಸ್ತಕಕ್ಕೆ ಹಣ ಹಾಕಬೇಡಿ.

ಯಾವುದಕ್ಕೆ ಯಾವುದು

ಮೊದಲ ಕವನ ಸಂಕಲನ, ಕಥಾಸಂಕಲನಕ್ಕೆ 200ರಿಂದ 300 ಡಿಜಿಟಲ್ ಪ್ರತಿ. ಮೂರು ತಿಂಗಳ ಮೇಲೆ ಇಪಬ್. ಕವಿತೆಯ ಇಪಬ್‌ನಲ್ಲಿ ದೊಡ್ಡ ಅಕ್ಷರಕ್ಕೆ ಸಾಲು ಮುರಿದಾಗ ಮುಂದುವರಿದ ಭಾಗ ಒಳಸರಿದು ಕಾಣುವಂತೆ ಶೈಲಿ ಹಾಕಿಸಿ, ಇಲ್ಲದಿದ್ದರೆ ಕವಿ ಮುರಿದ ಸಾಲು ಯಾವುದು, ಪರದೆ ಮುರಿದದ್ದು ಯಾವುದು ಗೊತ್ತಾಗುವುದಿಲ್ಲ. ಈಗಾಗಲೇ ಓದುಗರಿರುವ ಲೇಖಕರ ಕಾದಂಬರಿಗೆ 1,000 ಆಫ್‌ಸೆಟ್, ಅದೇ ದಿನ ಇ-ಪುಸ್ತಕ, ಆಮೇಲೆ ಆಡಿಯೊ. ಮಕ್ಕಳ ಬಣ್ಣದ ಚಿತ್ರಪುಸ್ತಕಕ್ಕೆ ಆಫ್‌ಸೆಟ್ಟೇ ಸರಿ, ನಾಲ್ಕು ಬಣ್ಣದ ಡಿಜಿಟಲ್ ಪುಟದ ದರದಲ್ಲಿ ಬೆಲೆ ಕೈಗೆಟುಕುವುದಿಲ್ಲ. ಊರ ಚರಿತ್ರೆ, ಶಾಸನ, ಪಿಎಚ್‌ಡಿ ಪ್ರಬಂಧಗಳಿಗೆ ಹೊಲಿಗೆ ಹಾಕಿದ 300 ಪ್ರತಿ ಗ್ರಂಥಾಲಯಗಳಿಗೆ, ಮುಂದಕ್ಕೆ ಪಿಓಡಿ. ಉಡುಗೊರೆಯ ಪುಸ್ತಕವಾದರೆ ಅಚ್ಚನ್ನು ಬಿಟ್ಟು ಬೇರೆ ಮಾತಿಲ್ಲ. 2021ರಲ್ಲಿ ರಾಜ್ಯ ಸರ್ಕಾರ ತನ್ನ ಸಭೆ ಸಮಾರಂಭಗಳಲ್ಲಿ ಹಾರ ತುರಾಯಿ ಬಿಟ್ಟು ಕನ್ನಡ ಪುಸ್ತಕ ಕೊಡಿ ಎಂದಾಗ ಕೈಯಿಂದ ಕೈಗೆ ಹೋಗುವ ಪುಸ್ತಕದ ಬೆಲೆಯನ್ನೇ ಎತ್ತಿ ಹಿಡಿದಿತ್ತು.

ಹಕ್ಕುಸ್ವಾಮ್ಯ ತೀರಿದ ಲೇಖಕರನ್ನು ಮರುಮುದ್ರಿಸುವವರು ಲೇಖಕರು ತೀರಿದ ಮರುವರ್ಷದಿಂದ 60 ವರ್ಷ ಎಣಿಸಬೇಕು. 1942ರಲ್ಲಿ ತೀರಿಕೊಂಡ ಗಳಗನಾಥರ ಬರಹ ಈಗ ಎಲ್ಲರದು. 1981ರಲ್ಲಿ ತೀರಿಕೊಂಡ ಬೇಂದ್ರೆಯವರದು 2041ರ ಕೊನೆಯವರೆಗೆ ಅಲ್ಲ.

ಪ್ರಕಾಶಕರ ಮೂಲಕ ತರುವವರು ಒಪ್ಪಂದದಲ್ಲಿ ಅಚ್ಚು, ಇ-ಪುಸ್ತಕ, ಆಡಿಯೊ, ಅನುವಾದ ಹಕ್ಕುಗಳನ್ನು ಬೇರೆಬೇರೆ ಸಾಲಿನಲ್ಲಿ ಬರೆಸಿ. ಅವಧಿ ಬರೆಯದಿದ್ದರೆ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಐದು ವರ್ಷ, ವ್ಯಾಪ್ತಿ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಕೊಟ್ಟ ಹಕ್ಕನ್ನು ಒಂದು ವರ್ಷ ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ಮಾತಿಲ್ಲದ ಪಕ್ಷದಲ್ಲಿ, ಅದು ಬಿದ್ದುಹೋಗುತ್ತದೆ. ರಾಯಧನ ಅಚ್ಚಿಗೆ ಸಾಮಾನ್ಯವಾಗಿ ಮುಖಬೆಲೆಯ 10%. ಇ-ಪುಸ್ತಕಕ್ಕೆ ಅಚ್ಚಿನ, ಗೋದಾಮಿನ ಖರ್ಚಿಲ್ಲದ ಕಾರಣ ಅದೇ 10%ಕ್ಕೆ ಒಪ್ಪಬೇಡಿ, ಪ್ರಕಾಶಕರ ಕೈಗೆ ಬಂದ ಹಣದಲ್ಲಿ ಪಾಲು ಕೇಳಿ.

ಪುಸ್ತಕ ಹೊರಬಂದ 30 ದಿನದೊಳಗೆ, ಗ್ರಂಥಾಲಯಗಳಿಗೆ ಪುಸ್ತಕ ಒಪ್ಪಿಸುವ 1954ರ ಕಾಯಿದೆಯಂತೆ, ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು, ಚೆನ್ನೈನ ಕನ್ನೆಮರಾ, ಮುಂಬೈ ಮತ್ತು ದೆಹಲಿಯ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಪ್ರಕಾಶಕರ ಖರ್ಚಿನಲ್ಲೇ ಹೋಗಬೇಕು. ಬೆಂಗಳೂರಿನ ರಾಜ್ಯ ಕೇಂದ್ರ ಗ್ರಂಥಾಲಯಕ್ಕೂ ಕಳಿಸಿ. ಡಿಟಿಪಿಯವರಿಂದ ಬರೀ ಪಿಡಿಎಫ್ ಪಡೆದು ಬಿಲ್ಲು ತೀರಿಸಬೇಡಿ: ಪುಟ ಕಟ್ಟಿದ ಮೂಲ ಫೈಲು, ಬಳಸಿದ ಫಾಂಟಿನ ಹೆಸರು ಮತ್ತು ಪರವಾನಗಿ, ಕೊನೆಯ ತಿದ್ದುಪಡಿಗಳೂ ಸೇರಿದ ಯೂನಿಕೋಡ್ ಪಠ್ಯ, ಮುಖಪುಟದ ಪದರಗಳಿರುವ ಫೈಲು, ಈ ನಾಲ್ಕನ್ನೂ ಪೆನ್‌ಡ್ರೈವ್‌ನಲ್ಲಿ ತೆಗೆದುಕೊಂಡು, ನಿಮ್ಮ ಕಂಪ್ಯೂಟರಿನಲ್ಲಿ ಒಮ್ಮೆ ತೆರೆದು ನೋಡಿ, ಆಮೇಲೆ ಹಣ ಕೊಡಿ.